ಡ್ರೆಸ್ಸರಮ್ಮನ ಕೈಗುಣ

ಡ್ರೆಸ್ಸರಮ್ಮ ಎಂದರೆ ಬಟ್ಟೆ ಹೊಲಿಯುವವರಲ್ಲ. ಮೂವತ್ತೊಂದು ವರ್ಷ ದೊಡ್ಡಾಸ್ಪತ್ರೆಯ ಡ್ರೆಸ್ಸಿಂಗ್ ಕೋಣೆಯಲ್ಲಿ ನಿಂತು, ಗಾಯ ತೊಳೆದು, ಔಷಧಿ ಹಚ್ಚಿ, ಬಟ್ಟೆ ಸುತ್ತಿ ಕಳಿಸಿದವರು. ನಿವೃತ್ತಿಯ ದಿನ ಆಸ್ಪತ್ರೆ ಅವರನ್ನು ಬಿಟ್ಟಿತು. ಅವರು ಆಸ್ಪತ್ರೆಯನ್ನು ಬಿಡಲಿಲ್ಲ. ಅಡುಗೆಮನೆಯ ಕಪಾಟಿನಲ್ಲಿ, ಸಕ್ಕರೆ ಡಬ್ಬಿಯ ಪಕ್ಕದಲ್ಲೇ, ಹತ್ತಿ, ಗಾಜ್ ಬಟ್ಟೆ, ಕತ್ತರಿ, ಮತ್ತೆ ಕಂದು ಬಣ್ಣದ ಅಯೋಡಿನ್ ದ್ರಾವಣದ ದೊಡ್ಡ ಬಾಟಲಿ. ಬೀದಿಯಲ್ಲಿ ಯಾರ ಮೊಣಕಾಲು ತರಚಿದರೂ ಮೊದಲು ತಟ್ಟುವುದು ಅವರ ಬಾಗಿಲು.

"ನಮ್ಮಮ್ಮ ಈ ಬೀದಿಯ ದೊಡ್ಡ ಗಾಯಕಿ," ಎನ್ನುತ್ತಿದ್ದ ಕಿರಿಯ ಮಗ. "ಗಾಯ ಕಂಡ್ರೆ ಸಾಕು, ಶುರು ಹಚ್ಕೋತಾಳೆ."

ಕಿರಿಯವನ ಅಡ್ಡಹೆಸರು ಮೈಕು. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ಕೂಗುವುದು ಅವನ ಕೆಲಸ. ಮನೆಗೆ ಬಂದ ಮೇಲೂ ಗಂಟಲಿಗೆ ರಜೆಯಿರಲಿಲ್ಲ. ಬೀದಿಯವರ ದನಿಯನ್ನೆಲ್ಲ ಒಬ್ಬೊಬ್ಬರಂತೆ ಅಣಕಿಸುತ್ತಿದ್ದ. ಹಿರಿಯ ಮಗ ಲಿಫ್ಟ್ ರಿಪೇರಿಯವನು. ಅಮ್ಮನಿಗೂ ಹೆಂಡತಿಗೂ ಮಾತು ಬಂದರೆ ಅವನೇ ಎರಡು ಮಹಡಿಗಳ ನಡುವೆ ಸಿಕ್ಕಿಕೊಂಡ ಲಿಫ್ಟಾಗಿಬಿಡುತ್ತಿದ್ದ: ಮೇಲೂ ಹೋಗುವುದಿಲ್ಲ, ಕೆಳಗೂ ಇಳಿಯುವುದಿಲ್ಲ, ಬಾಗಿಲೂ ತೆಗೆಯುವುದಿಲ್ಲ. ಅವನ ಹೆಂಡತಿ ಷರ್ಟು ಕಾರ್ಖಾನೆಯಲ್ಲಿ ಚೆಕರ್. ಹೊಲಿದು ಬಂದ ಕಾಲರು, ತೋಳು, ಗುಂಡಿಗಳನ್ನು ಬೆಳಕಿಗೆ ಹಿಡಿದು, ತಪ್ಪಿದ್ದ ಕಡೆ ಸೀಮೆಸುಣ್ಣದ ಗುರುತು ಹಾಕುವುದೇ ಅವಳ ದಿನವಿಡೀ ಕೆಲಸ.

"ಅಲ್ಲಿ ತಪ್ಪು ಹುಡುಕೋಕೆ ಸಂಬಳ ಕೊಡ್ತಾರೆ, ಇಲ್ಲಿ ಪುಕ್ಕಟೆ ಮಾಡ್ತಾಳೆ," ಎಂದು ಅತ್ತೆ ಪಾತ್ರೆಗಳಿಗೆ ಕೇಳುವಂತೆ ಹೇಳುತ್ತಿದ್ದರು.

ಇಂಥ ಅತ್ತೆ ಸೊಸೆ ಒಂದೇ ಒಂದು ವಿಷಯದಲ್ಲಿ ಒಂದಾದದ್ದು ಸೊಸೆ ಬಸುರಿಯಾದ ಮೂರನೇ ತಿಂಗಳಲ್ಲಿ. ಡಾಕ್ಟರು ಅಯೋಡಿನ್ ಇರುವ ಗುಳಿಗೆ ಬರೆದುಕೊಟ್ಟಿದ್ದರು. ದಿನಕ್ಕೊಂದು, ಮಗುವಿನ ಮಿದುಳು ಬೆಳೆಯಲು ಬೇಕು, ತಪ್ಪಿಸಬೇಡಿ ಎಂದಿದ್ದರು.

"ಅಯೋಡಿನ್ನಾ?" ಡ್ರೆಸ್ಸರಮ್ಮ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡು ಸಲ ಓದಿದರು. ಅವರ ಮುಖ ಅರಳಿತು. "ನೋಡಿದ್ಯಾ! ನಾನು ಮೂವತ್ತೊಂದು ವರ್ಷ ಕೈಯಲ್ಲಿ ಹಿಡಿದಿದ್ದನ್ನ ಈಗ ಬಾಯಿಗೆ ಹಾಕಿ ಅಂತಿದಾರೆ. ನನ್ನ ಔಷಧಿ ಕಣೇ ಇದು."

"ಎರಡೂ ಒಂದೇನಾ ಅತ್ತೆ?"

"ಹೆಸರು ಒಂದೇ ಅಂದ್ಮೇಲೆ ಮತ್ತೇನು, ಅಕ್ಕತಂಗಿ."

ಅಂದಿನಿಂದ ಹೆರಿಗೆಯ ದಿನದವರೆಗೆ ಬೆಳಗಿನ ತಿಂಡಿಯ ತಟ್ಟೆಯಲ್ಲಿ ಬೇಯಿಸಿದ ಮೊಟ್ಟೆ, ಪಕ್ಕದಲ್ಲಿ ಗುಳಿಗೆ, ಎದುರಿಗೆ ಅತ್ತೆ. ನುಂಗಿದ್ದು ಗಂಟಲಲ್ಲಿ ಇಳಿಯುವವರೆಗೂ ಅವರು ಕದಲುತ್ತಿರಲಿಲ್ಲ. ಒಂದು ದಿನವೂ ತಪ್ಪಲಿಲ್ಲ. ಆ ಏಳು ತಿಂಗಳು ಆ ಮನೆಯಲ್ಲಿ ಅಂಥ ಜಗಳವೇನೂ ನಡೆಯಲಿಲ್ಲ.

ಹೆರಿಗೆ ಆಪರೇಷನ್ನಿನಿಂದ ಆಯಿತು. ಹೆಣ್ಣು ಮಗು, ಮೂರು ಕೆ.ಜಿ. ಮೂರನೇ ದಿನ ಬೆಳಿಗ್ಗೆ ಡ್ರೆಸ್ಸರಮ್ಮ ವಾರ್ಡಿನ ನರ್ಸಿನ ಮುಂದೆ ಚೀಲ ಕಟ್ಟಿಕೊಂಡು ನಿಂತರು.

"ನಾಳೆವರೆಗೆ ಇರಿ," ಎಂದಳು ನರ್ಸು. "ಮಗುವಿನ ಹಿಮ್ಮಡಿಯಿಂದ ಒಂದೆರಡು ಹನಿ ರಕ್ತ ತೆಗೀಬೇಕು. ಥೈರಾಯ್ಡ್ ಸರಿ ಇದೆಯಾ ಅಂತ ನೋಡೋಕೆ. ಎಲ್ಲ ಮಕ್ಕಳಿಗೂ ಮಾಡ್ತೀವಿ."

"ಏನಮ್ಮಾ, ನನಗೇ ಹೇಳ್ತೀಯಾ? ವಾರ್ಡಲ್ಲಿ ಒಂದು ದಿನ ಹೆಚ್ಚಿಗೆ ಇದ್ರೆ ಒಂದು ಕೀವು ಹೆಚ್ಚಿಗೆ ಕಟ್ಕೊಂಡು ಹೋಗ್ಬೇಕು. ನಾನು ಕಂಡಿರೋದನ್ನ ನೀನು ಕಂಡಿಲ್ಲ. ಹೊಕ್ಕುಳು ಕೊಳೆತು ಹೋದ ಎಳೇ ಮಕ್ಕಳನ್ನ ಈ ಕೈಯಲ್ಲೇ ಬಟ್ಟೆ ಸುತ್ತಿ ಕಳಿಸಿದೀನಿ."

ಆ ಮಾತಿನಲ್ಲಿ ನಾಟಕವಿರಲಿಲ್ಲ. ನರ್ಸು ತುಸು ಮೆತ್ತಗಾದಳು. "ಹಾಗಾದ್ರೆ ಐದನೇ ದಿನ ಕರ್ಕೊಂಡು ಬನ್ನಿ. ಮರೀಬೇಡಿ. ಹೊಲಿಗೆ ಮೇಲಿನ ಪಟ್ಟಿ ಬಿಚ್ಚಬೇಡಿ, ಅದೇ ಬಿಟ್ಕೊಳ್ಳುತ್ತೆ."

"ಆಯ್ತು, ಆಯ್ತು," ಎಂದರು ಡ್ರೆಸ್ಸರಮ್ಮ. ಮನೆಗೆ ಬಂದ ಒಂದು ಗಂಟೆಯೊಳಗೆ ಪಟ್ಟಿ ಬಿಚ್ಚಿದರು.

ಅಲ್ಲಿಂದ ದಿನಚರಿ ಶುರುವಾಯಿತು. ಬೆಳಿಗ್ಗೆ ಏಳಕ್ಕೆ ಒಂದು ಸಲ, ಸಂಜೆ ಐದಕ್ಕೆ ಇನ್ನೊಂದು ಸಲ. ಮೊದಲು ತಾಯಿಯ ಹೊಲಿಗೆ. ಹತ್ತಿಯನ್ನು ಕಂದು ದ್ರಾವಣದಲ್ಲಿ ತೊಯ್ಯಿಸಿ, ಹೊಟ್ಟೆಯ ಈ ಬದಿಯಿಂದ ಆ ಬದಿಗೆ ಎಳೆದು, ಗಾಜ್ ಬಟ್ಟೆಯನ್ನೂ ಅದರಲ್ಲೇ ಅದ್ದಿ ಕಟ್ಟುವುದು. ಆಮೇಲೆ ಮಗುವಿನ ಹೊಕ್ಕುಳು. ಸುತ್ತಲೂ ಒಂದು ದಪ್ಪ ಉಂಗುರ. ಒಂಬತ್ತನೇ ದಿನ ಬಳ್ಳಿ ಒಣಗಿ ಉದುರಿತು. ಉಂಗುರ ನಿಲ್ಲಲಿಲ್ಲ.

"ಉದುರಿ ಹೋಯ್ತಲ್ಲ ಅತ್ತೆ, ಇನ್ನೂ ಯಾಕೆ?"

"ಒಳಗೆ ಹಸಿ ಇರತ್ತೆ. ನಿನ್ನ ಕಣ್ಣಿಗೆ ಕಾಣಲ್ಲ."

ಐದನೇ ದಿನ ಬಂದು ಹೋಗಿತ್ತು. ಅಂದು ಗಂಡ ಆಟೋ ತರಲೇ ಎಂದು ಕೇಳಿದ್ದ. ಹಸಿ ಹೊಲಿಗೆಯಲ್ಲಿ ಕುಲುಕಾಡಿಸಿಕೊಂಡು ಹೋಗಿ, ಎಳೇ ಹಿಮ್ಮಡಿಗೆ ಚುಚ್ಚಿಸಿ, ಅಲ್ಲಿನ ಧೂಳನ್ನೆಲ್ಲ ಮನೆಗೆ ತರುವುದು ಬೇಡ ಎಂದು ಅಮ್ಮ ಹೇಳಿದ್ದರು. ಹೆಂಡತಿ ಅವನ ಮುಖ ನೋಡಿದ್ದಳು. ಲಿಫ್ಟು ನಡುವೆಯೇ ನಿಂತಿತ್ತು.

"ಮುಂದಿನ ವಾರ ನೋಡೋಣ," ಎಂದಿದ್ದ. ಮುಂದಿನ ವಾರ ಎಂಬುದು ಪ್ರತಿ ವಾರವೂ ಮುಂದೆಯೇ ಇತ್ತು.

ಅಷ್ಟಕ್ಕೂ ಅವಸರವೇನಿತ್ತು? ಮಗು ಅಷ್ಟು ಸಾಧು. ಹಾಲು ಕುಡಿಯುತ್ತಿರುವಾಗಲೇ ನಿದ್ದೆ ಹೋಗುತ್ತಿತ್ತು. ಮಲಗಿಸಿದರೆ ನಾಲ್ಕು ಗಂಟೆ, ಐದು ಗಂಟೆ. ಊಟದ ಹೊತ್ತಿಗೆ ನಾಲ್ವರೂ ಒಟ್ಟಿಗೆ ಕೂತು, ಬಿಸಿ ಅನ್ನಕ್ಕೆ ಬೇಳೆ ಹಾಕಿಕೊಂಡು, ಆರುವ ಮೊದಲೇ ಊಟ ಮುಗಿಸುತ್ತಿದ್ದರು. ಹಸುಗೂಸಿರುವ ಮನೆಯಲ್ಲಿ ಇದೇನು ಸುಖ ಎಂದು ನೋಡಲು ಬಂದವರು ಬೆರಗಾಗುತ್ತಿದ್ದರು.

"ಅಳೋದೇ ಇಲ್ವಲ್ರೀ! ಬಂಗಾರದಂಥ ಮಗು."

"ಬಣ್ಣಾನೂ ಬಂಗಾರದ್ದೇ," ಎಂದ ಮೈಕು. ಎಲ್ಲರೂ ನಕ್ಕರು.

ಸೊಸೆ ನಗಲಿಲ್ಲ. ಹುಟ್ಟಿದ ನಾಲ್ಕನೇ ದಿನ ಕಂಡಿದ್ದ ಹಳದಿ ಇಪ್ಪತ್ತನೇ ದಿನವೂ ಕಣ್ಣಿನ ಬಿಳುಪಿನಲ್ಲಿ ಹಾಗೇ ಇತ್ತು. ಮಗುವನ್ನು ಕಿಟಕಿಯ ಹತ್ತಿರ ಒಯ್ದು, ಕಾಲರು ನೋಡುವಂತೆ, ತಿರುಗಿಸಿ ತಿರುಗಿಸಿ ನೋಡಿದಳು. ಕೈಕಾಲು ತಣ್ಣಗೆ. ಮುಖ ತುಸು ಊದಿದಂತೆ. ಹೊಟ್ಟೆ ಉಬ್ಬಿತ್ತು.

"ನಾಲ್ಕು ದಿನ ಆಯ್ತು ಅತ್ತೆ, ಒಂದು ಸಲಾನೂ ಕಕ್ಕ ಮಾಡಿಲ್ಲ," ಎಂದಳು ಊಟಕ್ಕೆ ಕೂತಾಗ.

"ತಾಯಿ ಹಾಲು ಪೂರ್ತಿ ಜೀರ್ಣ ಆಗತ್ತೆ. ಉಳಿದ್ರೆ ತಾನೇ ಹೊರಗೆ ಬರೋದು?"

"ಹಾಲೇ ಕುಡಿಯಲ್ಲ. ನಾಲ್ಕು ಸಲ ಚೀಪತ್ತೆ, ನಿದ್ದೆ. ಹಾಲು ಕಟ್ಕೊಂಡು ನನಗೆ ಎದೆ ಕಲ್ಲಾಗಿದೆ. ಅಂಗಾಲು ತಿಕ್ಕಿ ತಿಕ್ಕಿ ಎಬ್ಬಿಸ್ಬೇಕು."

"ಮಲಗಿರೋ ಮಗುನ ಎಬ್ಬಿಸೋ ತಾಯಿನ ನಾನು ಇವತ್ತೇ ನೋಡಿದ್ದು."

"ನನಗೇನೋ ಸರಿ ಕಾಣ್ತಿಲ್ಲ."

"ನಿನಗೆ ಯಾವತ್ತು ಏನು ಸರಿ ಕಂಡಿದೆ? ಮಗುಗೂ ಸೀಮೆಸುಣ್ಣದ ಗುರುತು ಹಾಕಿಬಿಡು. ರಿಜೆಕ್ಟ್ ಅಂತ ಬರಿ."

ಸೊಸೆ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದಳು. ಗಂಡ ಅವಳ ತಟ್ಟೆಯನ್ನೂ ತನ್ನ ತಟ್ಟೆಯನ್ನೂ ತೊಳೆದಿಟ್ಟ. ಅದಕ್ಕಿಂತ ಹೆಚ್ಚೇನನ್ನೂ ಮಾಡಲಿಲ್ಲ.

ಮಗುವಿಗೆ ಮೂವತ್ತೆರಡು ದಿನವಾಗಿತ್ತು. ಮೈಕುವಿಗೆ ವಾರದ ರಜೆ. ಅತ್ತಿಗೆಯ ಬಾಡಿದ ಮುಖ ನೋಡಲಾರದೆ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು ತನ್ನ ಅಂಗಡಿ ತೆರೆದ.

"ಬಸ್ ಸ್ಟ್ಯಾಂಡಿನ ಮಕ್ಕಳ ಅಳು, ಒಂದನೇ ನಂಬರ್ ಪ್ಲಾಟ್‌ಫಾರ್ಮಿನಿಂದ. ಕೇಳಿ ಅತ್ತಿಗೆ. ಇದು ಹಸಿವಿಂದು." ಮೂಗು ಮುದುರಿ ಸಣ್ಣಗೆ, ಚೂಪಾಗಿ ಕಿರುಚಿದ. "ಇದು ಹೊಟ್ಟೆನೋವಿಂದು. ಇದು ಅಪ್ಪ ಎತ್ಕೊಂಡಿದಾನೆ ಅಮ್ಮ ಬೇಕು ಅನ್ನೋದು. ಇದು ಅಮ್ಮ ಎತ್ಕೊಂಡಿದಾಳೆ ಆದ್ರೂ ಸುಮ್ನಿರಲ್ಲ ಅನ್ನೋದು."

ಎಷ್ಟೋ ದಿನದ ಮೇಲೆ ಅತ್ತಿಗೆಗೆ ನಗು ಬಂತು. ಅಡುಗೆಮನೆಯಿಂದ ಡ್ರೆಸ್ಸರಮ್ಮನೂ ನಕ್ಕರು. "ನಮ್ಮನೇದು ಮಾಡೋ."

ಅಷ್ಟರಲ್ಲಿ ಮಗು ಕದಲಿ, ಬಾಯಿ ತೆರೆದು, ಒಂದು ದನಿ ಹೊರಡಿಸಿತು. ಮೈಕು ತಲೆ ವಾಲಿಸಿ ಕೇಳಿಸಿಕೊಂಡ. ಗಂಟಲನ್ನು ತಗ್ಗಿಸಿದ. ಇನ್ನೂ ತಗ್ಗಿಸಿದ. ಆಮೇಲೆ ಅದನ್ನೇ ಮಾಡಿ ತೋರಿಸಿದ: ದಪ್ಪಗೆ, ಒಡೆದು, ಭಾರದ ಕುರ್ಚಿಯನ್ನು ನೆಲದ ಮೇಲೆ ಎಳೆದ ಹಾಗೆ. ಎರಡೇ ಸಲ. ಆಮೇಲೆ ನಿಂತುಹೋಗುವ ದನಿ.

ಯಾರೂ ನಗಲಿಲ್ಲ. ತನ್ನ ಬಾಯಿಂದ ಬಂದದ್ದನ್ನು ಕೇಳಿ ಮೈಕು ತಾನೇ ಬೆಚ್ಚಿದ್ದ.

"ಅತ್ತಿಗೆ," ಎಂದ ಕೊನೆಗೆ, ತನ್ನದೇ ದನಿಯಲ್ಲಿ. "ದಿನಕ್ಕೆ ನೂರು ಮಕ್ಕಳ ಅಳು ಕೇಳ್ತೀನಿ. ಹಿಂಗೆ ಅಳೋ ಎಳೇ ಮಗು ಒಂದೂ ಇಲ್ಲ. ಇದು ಮುದುಕರ ಗಂಟಲು."

ಸೊಸೆ ಎದ್ದಳು. ಮಗುವನ್ನು ಶಾಲಿನಲ್ಲಿ ಸುತ್ತಿದಳು. "ನಾಳೆ ಅಂದ್ರೆ ನಾನು ಕೇಳಲ್ಲ," ಎಂದಳು ಗಂಡನಿಗೆ. "ನೀವು ಬರದಿದ್ರೆ ಮೈಕು ಬರ್ತಾನೆ. ಮೈಕುನೂ ಬರದಿದ್ರೆ ನಾನೇ ನಡ್ಕೊಂಡು ಹೋಗ್ತೀನಿ."

"ಇವನ ಮಂಗನಾಟ ನೋಡಿ ಆಸ್ಪತ್ರೆಗೆ ಹೋಗ್ತೀಯಾ?" ಎಂದರು ಅತ್ತೆ. "ಸಂಜೆ ಡ್ರೆಸ್ಸಿಂಗ್ ಹೊತ್ತಾಯ್ತು."

"ಅಮ್ಮಾ," ಎಂದ ಗಂಡ. ಆ ಮನೆಯಲ್ಲಿ ಅವನ ದನಿ ಅಷ್ಟು ಜೋರಾಗಿ ಕೇಳಿದ್ದು ಅದೇ ಮೊದಲು. "ದಾರಿ ಬಿಡು."

ರಕ್ತ ಕೊಟ್ಟು ಬಂದ ಮರುದಿನ ಬೆಳಿಗ್ಗೆ, ಚಹಾ ಸೋಸುತ್ತಿರುವಾಗ ಫೋನು ಬಂತು. ನಾಳೆ ಬನ್ನಿ ಎನ್ನುವುದು ಆಸ್ಪತ್ರೆಯ ಅಭ್ಯಾಸ. ಆ ದನಿ ಈಗಲೇ ಬನ್ನಿ ಎಂದಿತು. ಎಷ್ಟು ಹೊತ್ತಿಗೆ ತಲುಪುತ್ತೀರಿ ಎಂದು ಎರಡು ಸಲ ಕೇಳಿತು. ಲೋಟಗಳು ಹಾಗೇ ಉಳಿದವು.

ಮಕ್ಕಳ ಡಾಕ್ಟರು ಕನ್ನಡಕ ತೆಗೆದು ತಾಯಿಯ ಮುಖ ನೋಡಿ ಮಾತಾಡುವವರು. "ಮಗುವಿನ ಕತ್ತಿನಲ್ಲಿರೋ ಥೈರಾಯ್ಡ್ ಗ್ರಂಥಿ ತೀರಾ ಕಡಿಮೆ ಕೆಲಸ ಮಾಡ್ತಿದೆ. ಔಷಧಿ ಇವತ್ತೇ ಶುರು. ಹುಟ್ಟಿದ ವಾರ ಹಿಮ್ಮಡಿ ರಕ್ತ ತೆಗೆಸಿದ್ರಾ?"

ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಲಿಲ್ಲ. "ಇಲ್ಲ," ಎಂದಳು ಅವಳು.

"ಬಸುರಿ ಇದ್ದಾಗ ಅಯೋಡಿನ್ ಗುಳಿಗೆ?"

"ಒಂದು ದಿನಾನೂ ಬಿಟ್ಟಿಲ್ಲ. ಅದರಿಂದಾನಾ ಡಾಕ್ಟ್ರೇ?"

"ಅಲ್ಲಮ್ಮಾ, ಅದು ಒಳ್ಳೇದೇ ಮಾಡಿದ್ದು." ಮಾತಾಡುತ್ತಲೇ ಅವರು ಮಗುವಿನ ಅಂಗಿ ಮೇಲಕ್ಕೆತ್ತಿದರು. ಕೈ ನಿಂತಿತು. ಹೊಕ್ಕುಳಿನ ಸುತ್ತ, ಲೋಟದ ತಳದ ಕಲೆಯಂತೆ, ಕಂದು ಬಣ್ಣ ಚರ್ಮಕ್ಕೆ ಇಳಿದುಹೋಗಿತ್ತು. "ಇದೇನು?"

ಹೇಳಿದಳು. ತನ್ನ ಹೊಟ್ಟೆಯ ಕಟ್ಟನ್ನೂ ತೋರಿಸಿದಳು. ಎಷ್ಟು ದಿನದಿಂದ ಎಂದು ಕೇಳಿದರು. ಮನೆಗೆ ಬಂದ ಮೂರನೇ ದಿನದಿಂದ, ದಿನಕ್ಕೆರಡು ಸಲ ಎಂದಳು.

ಡಾಕ್ಟರು ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. "ಗುಳಿಗೆಯಲ್ಲಿ ಇರೋ ಅಯೋಡಿನ್ ಸಾಸಿವೆ ಕಾಳಿನ ಹತ್ತನೇ ಪಾಲೂ ಇಲ್ಲ. ಅಷ್ಟು ಬೇಕೇ ಬೇಕು. ಇದು ಹಾಗಲ್ಲ. ಎಳೇ ಚರ್ಮ ಇದನ್ನ ಕುಡಿಯುತ್ತೆ. ನಿಮ್ಮ ಹೊಲಿಗೆ ಕುಡಿದಿದ್ದು ಹಾಲಿನಲ್ಲಿ ಬರುತ್ತೆ. ಆ ಪುಟ್ಟ ಗ್ರಂಥಿ ಅಯೋಡಿನ್ ಸಿಗದಿದ್ರೂ ಸೊರಗುತ್ತೆ, ಒಂದೇ ಸಲ ಸುರಿದ್ರೂ ಬಾಗಿಲು ಹಾಕ್ಕೊಳ್ಳುತ್ತೆ."

"ಬಾಗಿಲು ಮತ್ತೆ ತೆಗೆಯುತ್ತಾ?"

"ಇದರಿಂದ ಆಗಿದ್ರೆ, ನಿಲ್ಲಿಸಿದ ಮೇಲೆ ತೆಗೆಯಬಹುದು. ಗ್ರಂಥಿಯಲ್ಲೇ ದೋಷ ಇದ್ರೆ ಬದುಕಿಡೀ ಗುಳಿಗೆ. ಯಾವುದು ಅಂತ ಈಗಲೇ ಹೇಳೋಕಾಗಲ್ಲ. ದಿನಾ ಬೆಳಿಗ್ಗೆ ಗುಳಿಗೆ ಅರೆದು ನಿಮ್ಮ ಹಾಲಲ್ಲಿ ಕಲಸಿ ಚಮಚದಲ್ಲಿ ಕೊಡಿ. ಎರಡು ವಾರಕ್ಕೆ ಮತ್ತೆ ರಕ್ತ."

"ಮಿದುಳು?" ಎಂದ ಗಂಡ. ಅದೊಂದೇ ಪದ.

"ಹುಟ್ಟಿದ ಎರಡು ವಾರದೊಳಗೆ ಗೊತ್ತಾಗಿದ್ರೆ ನಾನು ಧೈರ್ಯವಾಗಿ ಏನಾದ್ರೂ ಹೇಳ್ತಿದ್ದೆ. ಈಗ ಮಗು ಕತ್ತು ನಿಲ್ಲಿಸುವಾಗ, ಕೂರುವಾಗ, ಮಾತು ಕಲಿಯುವಾಗ ನೋಡ್ಬೇಕು."

ಬರುವಾಗ ಆಟೋದಲ್ಲೂ ಮಗು ಮಲಗಿತ್ತು. ಅವಳು ಅಂಗಾಲು ತಿಕ್ಕುತ್ತಲೇ ಇದ್ದಳು.

ಮನೆಯಲ್ಲಿ ಡ್ರೆಸ್ಸರಮ್ಮ ಹತ್ತಿ, ಕತ್ತರಿ, ಬೋಗುಣಿ ಜೋಡಿಸಿಕೊಂಡು ಕಾಯುತ್ತಿದ್ದರು. "ಏಳಕ್ಕೆ ಹಚ್ಚೋದು, ಹನ್ನೊಂದಾಯ್ತು. ಬಾ, ಮಲಗು."

ಸೊಸೆ ಬೋಗುಣಿಯನ್ನು ಎತ್ತಿ ಸಿಂಕಿಗೆ ಸುರಿದಳು. ಕಂದು ನೀರು ಸುತ್ತಿ ಸುತ್ತಿ ಇಳಿಯಿತು.

"ಏಯ್! ಏನು ಮಾಡ್ತಿದೀಯ?"

"ಗುಳಿಗೆ ಸರಿಯಂತೆ. ಇದು ಸರಿಯಲ್ವಂತೆ." ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ದನಿ ಏರಿಸಲಿಲ್ಲ. ಕಾರ್ಖಾನೆಯಲ್ಲಿ ಮೇಲಿನವರಿಗೆ ವರದಿ ಒಪ್ಪಿಸುವ ಹಾಗೆ, ಒಂದೊಂದಾಗಿ.

ಡ್ರೆಸ್ಸರಮ್ಮ ಮಧ್ಯೆ ಬಾಯಿ ಹಾಕದೆ ಕೇಳಿದರು. ಆಮೇಲೆ, "ಸುಳ್ಳು," ಎಂದರು. "ಮೂವತ್ತೊಂದು ವರ್ಷ ಹಚ್ಚಿದೀನಿ. ಒಂದು ಮಗುಗೂ ಏನೂ ಆಗಿಲ್ಲ."

"ನಿಮಗೆ ಹೇಗೆ ಗೊತ್ತು?"

"ಏನು ಹೇಗೆ ಗೊತ್ತು? ಆಗಿದ್ರೆ ವಾಪಸ್ ಬರ್ತಿದ್ರಲ್ಲ!"

"ಎಲ್ಲಿಗೆ ಬರ್ತಿದ್ರು? ಡ್ರೆಸ್ಸಿಂಗ್ ಕೋಣೆಗಾ? ಮಗು ಎರಡು ವರ್ಷ ಆದ್ರೂ ಮಾತಾಡ್ತಿಲ್ಲ ಅಂತ ಗಾಯ ಕಟ್ಟೋರನ್ನ ಯಾರಾದ್ರೂ ಹುಡುಕ್ಕೊಂಡು ಬರ್ತಾರಾ ಅತ್ತೆ?"

ಡ್ರೆಸ್ಸರಮ್ಮ ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲಿಟ್ಟರು; ಅದು ಸರಿಯಾಗಿ ಕೂರಲಿಲ್ಲವೆಂಬಂತೆ ಮತ್ತೆ ಎತ್ತಿ ಇಟ್ಟರು. ಕಟ್ಟು ಕಟ್ಟಿಸಿಕೊಂಡು ಹೊರಟ ಬೆನ್ನುಗಳನ್ನಷ್ಟೇ ಅವರು ಕಂಡದ್ದು. ಮೂವತ್ತೊಂದು ವರ್ಷ, ಬಾಗಿಲು ದಾಟುವ ಬೆನ್ನುಗಳು, ಅವುಗಳ ಹೆಗಲ ಮೇಲೆ ಮಲಗಿದ ಎಳೇ ತಲೆಗಳು.

"ಬರದವರೆಲ್ಲ ಚೆನ್ನಾಗಿದಾರೆ ಅಂತಾನೇ ಅಂದ್ಕೊಂಡಿದ್ದೆ," ಎಂದರು, ಯಾರಿಗೂ ಅಲ್ಲದೆ.

ಬಾಗಿಲಲ್ಲಿ ನಿಂತಿದ್ದ ಮೈಕು ಗಂಟಲು ಸರಿಮಾಡಿಕೊಂಡ. "ಅಮ್ಮಾ, ಈಗ ಎಷ್ಟು ಮಕ್ಕಳಿಗೆ ಹಚ್ತಿದೀಯ?"

"ಈಗಾ?" ಬೆರಳು ಮಡಚಿದರು. "ಬೇಕರಿಯವನ ಮೊಮ್ಮಗು. ಅದಕ್ಕೆ ಎರಡೇ ಸಲ ಹಚ್ಚಿದ್ದು, ಆಮೇಲೆ ಅವರು ತವರಿಗೆ ಹೋದ್ರು. ಮತ್ತೆ ಹಿಂದಿನ ಓಣಿ ಡ್ರಾಯಿಂಗ್ ಟೀಚರ್ ಮನೇದು. ಅವಳಿಗೆ ಹೇಗೆ ಹಚ್ಚೋದು ಅಂತ ತೋರಿಸಿ ಬಂದಿದ್ದೆ."

"ಟೀಚರ್ ಮಗುಗೆ ಎಷ್ಟು ದಿನ?" ಎಂದಳು ಸೊಸೆ.

"ಹನ್ನೆರಡು."

ಡಾಕ್ಟರು ಹೇಳಿದ ಎರಡು ವಾರದ ಲೆಕ್ಕ ಎಲ್ಲರ ತಲೆಯಲ್ಲೂ ಒಟ್ಟಿಗೆ ಓಡಿತು.

"ಹೋಗಿ ಹೇಳಿ ಅತ್ತೆ."

"ಏನಂತ ಹೇಳ್ಲಿ? ಆ ಹುಡುಗಿ ನನ್ನ ಮಾತಂದ್ರೆ..." ಸೆರಗಿನಿಂದ ಕೈ ಒರೆಸಿಕೊಂಡರು. "ನಾಳೆ ಹೋಗ್ತೀನಿ. ಈಗ ಬಿಸಿಲು."

"ನನಗೂ ಎಲ್ಲರೂ ಮುಂದಿನ ವಾರ ಅಂದ್ರು," ಎಂದಳು ಸೊಸೆ. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಎರಡು ಚಮಚಗಳ ನಡುವೆ ಮೊದಲ ಗುಳಿಗೆಯನ್ನು ಅರೆಯತೊಡಗಿದಳು. ಡ್ರೆಸ್ಸರಮ್ಮ ಅಭ್ಯಾಸಬಲದಿಂದ ಮಗುವಿನ ತಲೆ ಹಿಡಿಯಲು ಕೈ ಚಾಚಿದರು. ಸೊಸೆ ಮೈ ತಿರುಗಿಸಿ ಕೂತಳು. ಚಾಚಿದ ಕೈಯ ಉಗುರುಗಳ ಸಂದಿಯಲ್ಲಿ ಕಂದು ಬಣ್ಣವಿತ್ತು.

ಡ್ರೆಸ್ಸರಮ್ಮ ಹೊರಟರು. ಕೊಡೆ ಮರೆತರು. ಹಿಂದಿನ ಓಣಿಗೆ ಮುನ್ನೂರು ಹೆಜ್ಜೆ. ದಾರಿಯಲ್ಲಿ ಮೂವರು ನಮಸ್ಕಾರ ಮಾಡಿದರು, ಒಬ್ಬ ತನ್ನ ವಾಸಿಯಾದ ಹೆಬ್ಬೆರಳನ್ನು ಎತ್ತಿ ತೋರಿಸಿದ. ಅವರು ನಿಲ್ಲದೆ ನಡೆದರು.

ಟೀಚರ್ ಬಾಗಿಲು ತೆರೆದಳು. ತೋಳಿನಲ್ಲಿ ಮಗು. "ಅಯ್ಯೋ, ಬನ್ನಿ ಬನ್ನಿ! ಈ ಬಿಸಿಲಲ್ಲಿ ಬಂದ್ರಾ? ನಿಮಗೆ ಯಾಕೆ ದಿನಾ ತೊಂದ್ರೆ ಅಂತ ನಾನೇ ದೊಡ್ಡ ಬಾಟಲಿ ತರಿಸಿಬಿಟ್ಟೆ. ನೀವು ಎರಡು ಸಲ ಅಂದಿದ್ರಿ, ನಾನು ಮಧ್ಯಾಹ್ನಾನೂ ಒಂದು ಸಲ ಹಚ್ತೀನಿ. ನೋಡಿ, ಎಷ್ಟು ಚೆನ್ನಾಗಿ ಒಣಗಿದೆ!"

ಅಡುಗೆಮನೆಯಲ್ಲಿ ಏನೋ ಜಾರಿ, ಪಾತ್ರೆಯ ಮುಚ್ಚಳ ಕಲ್ಲಿನ ನೆಲಕ್ಕೆ ಬಿದ್ದು ಠಣ್ಣೆಂದಿತು. ಟೀಚರ್ ಬೆಚ್ಚಿದಳು. ಡ್ರೆಸ್ಸರಮ್ಮ ಬೆಚ್ಚಿದರು. ಮಗುವಿನ ರೆಪ್ಪೆ ಕದಲಲಿಲ್ಲ.

"ತಗೊಳ್ಳಿ, ಎತ್ಕೊಳ್ಳಿ," ಎಂದು ಟೀಚರ್ ಮಗುವನ್ನು ಮುಂದೆ ಚಾಚಿದಳು.

ಡ್ರೆಸ್ಸರಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡರು. "ಹಿಮ್ಮಡಿಯಿಂದ ರಕ್ತ ತೆಗೆಸಿದೀಯೇನಮ್ಮಾ, ಇದಕ್ಕೆ?"

"ಇಲ್ಲ," ಎಂದು ಟೀಚರ್ ನಕ್ಕಳು. "ನೀವೇ ತಾನೇ ಬೇಡ ಅಂದಿದ್ದು?"

"ಹೂಂ. ನಾನೇ ಅಂದಿದ್ದು." ಅವರ ದನಿ ಒಡೆದು ದಪ್ಪಗೆ ಬಂತು. "ತಪ್ಪು ಹೇಳಿದ್ದೆ. ಚಪ್ಪಲಿ ಹಾಕ್ಕೋ."